ಹೃದಯದ ಹೊರಚೀಲಕ್ಕೆ ಬರುವ ಅಪರೂಪದ ಕ್ಯಾನ್ಸರ್: ಕಲ್ನಾರಿನ ನಂಟು, ಪತ್ತೆಯ ಕಷ್ಟ

ಹೃದಯದ ಸುತ್ತ ನೀರು ತುಂಬಿಕೊಂಡಿದೆ ಎಂದು ಎಕೋ ಪರೀಕ್ಷೆಯಲ್ಲಿ ಗೊತ್ತಾಗುವುದು ಅಷ್ಟೇನೂ ಅಪರೂಪವಲ್ಲ. ವೈರಸ್ ಸೋಂಕಿನಿಂದ ಹಾಗಾಗುತ್ತದೆ. ಕ್ಷಯದಿಂದ ಆಗುತ್ತದೆ, ಥೈರಾಯ್ಡ್ ಕುಂದಿದಾಗ, ಕಿಡ್ನಿ ಕೆಟ್ಟಾಗ, ಬೇರೆಲ್ಲೋ ಹುಟ್ಟಿದ ಕ್ಯಾನ್ಸರ್ ಹೃದಯದವರೆಗೆ ಹಬ್ಬಿದಾಗಲೂ ಆಗುತ್ತದೆ. ಸೂಜಿ ಹಾಕಿ ನೀರು ತೆಗೆಯುತ್ತಾರೆ, ಕಾರಣಕ್ಕೆ ತಕ್ಕ ಔಷಧ ಕೊಡುತ್ತಾರೆ, ಎಷ್ಟೋ ಜನ ಗುಣವಾಗಿ ಮನೆಗೆ ಹೋಗುತ್ತಾರೆ. ಆದರೆ ಕೆಲವರಲ್ಲಿ ತೆಗೆದ ನೀರು ಮತ್ತೆ ತುಂಬುತ್ತದೆ. ಇನ್ನೊಮ್ಮೆ ತೆಗೆದರೆ ಇನ್ನೊಮ್ಮೆ ತುಂಬುತ್ತದೆ. ಆ ನೀರನ್ನು ಪರೀಕ್ಷೆಗೆ ಕಳಿಸಿದರೆ ಕ್ಷಯದ ರೋಗಾಣು ಸಿಗುವುದಿಲ್ಲ, ಕ್ಯಾನ್ಸರ್ ಕೋಶವೂ ಸಿಗುವುದಿಲ್ಲ. ತಿಂಗಳುಗಳು ಉರುಳುತ್ತವೆ, ದಮ್ಮು ಹೆಚ್ಚುತ್ತಾ ಹೋಗುತ್ತದೆ. ಇಂಥವರಲ್ಲಿ ಎಲ್ಲೋ ಒಬ್ಬಿಬ್ಬರಿಗೆ ಇರುವುದು ಹೃದಯದ ಹೊರಚೀಲದಲ್ಲೇ ಹುಟ್ಟಿದ ಕ್ಯಾನ್ಸರ್. ವೈದ್ಯರು ಅದನ್ನು ಪೆರಿಕಾರ್ಡಿಯಲ್ ಮೀಸೋಥೀಲಿಯೋಮಾ ಎನ್ನುತ್ತಾರೆ.

ಶವಪರೀಕ್ಷೆಗಳ ದೊಡ್ಡ ದಾಖಲೆಗಳಲ್ಲಿ ಇದು ಕಂಡಿರುವುದು ಶೇ. 0.0022ಕ್ಕಿಂತ ಕಡಿಮೆ. ಲಕ್ಷ ದೇಹಗಳನ್ನು ಪರೀಕ್ಷಿಸಿದರೆ ಎರಡರಲ್ಲಿ ಸಿಕ್ಕೀತು. ವೈದ್ಯಕೀಯ ಪತ್ರಿಕೆಗಳಲ್ಲಿ ಇಷ್ಟು ದಶಕಗಳಲ್ಲಿ ವಿವರವಾಗಿ ದಾಖಲಾಗಿರುವುದೂ ಕೆಲವು ನೂರು ಪ್ರಕರಣ ಮಾತ್ರ. ಇಡೀ ವೃತ್ತಿಜೀವನದಲ್ಲಿ ಇಂಥ ಒಬ್ಬ ರೋಗಿಯನ್ನೂ ನೋಡದೆ ನಿವೃತ್ತರಾಗುವ ಹೃದ್ರೋಗ ತಜ್ಞರೇ ಹೆಚ್ಚು. ಹಾಗಿದ್ದ ಮೇಲೆ ಇದರ ಬಗ್ಗೆ ಇಷ್ಟು ಬರೆಯುವುದೇಕೆ? ಕಾಯಿಲೆ ಅಪರೂಪದ್ದಾದರೂ ಅದು ಹಾಕಿಕೊಂಡು ಬರುವ ವೇಷ ತೀರಾ ಸಾಮಾನ್ಯವಾದದ್ದು, ಅದಕ್ಕೆ. ಇದರ ಹಿಂದೆ ಇರಬಹುದಾದ ಕಲ್ನಾರು, ಅಂದರೆ ಅಸ್‌ಬೆಸ್ಟಾಸ್ ಕೂಡ ಅಪರೂಪದ ವಸ್ತುವಲ್ಲ. ಮನೆಯಲ್ಲಿ ಒಬ್ಬರಿಗೆ ಈ ಹೆಸರಿನ ಕಾಯಿಲೆ ಬಂತೆಂದು ತಿಳಿದ ರಾತ್ರಿ, ತಮ್ಮ ಭಾಷೆಯಲ್ಲಿ ಓದಿ ಅರ್ಥಮಾಡಿಕೊಳ್ಳಲು ಏನೂ ಸಿಗದೆ ಕೂರುವವರ ಕಷ್ಟ ಸಣ್ಣದಲ್ಲ.

ಒಂದೇ ಕೋಶದಷ್ಟು ದಪ್ಪದ ಪದರ

ಎದೆಗೂಡಿನಲ್ಲಿ ಹೃದಯವನ್ನು ಸುತ್ತಿಕೊಂಡು ಒಂದು ಚೀಲವಿದೆ. ಅದೇ ಪೆರಿಕಾರ್ಡಿಯಂ, ಹೃದಯಾವರಣ. ಚೀಲದ ಹೊರಗಿನ ಪದರ ಗಟ್ಟಿ ನಾರಿನದು, ಸುಲಭಕ್ಕೆ ಹಿಗ್ಗುವುದಿಲ್ಲ. ಒಳಗಿನದು ನವಿರಾದ ಪೊರೆ. ಈ ಪೊರೆ ನಾರಿನ ಪದರದ ಒಳಮೈಗೆ ಅಂಟಿಕೊಂಡು ಬಂದು, ದೊಡ್ಡ ರಕ್ತನಾಳಗಳ ಬುಡದಲ್ಲಿ ಮಡಚಿ, ಹೃದಯದ ಮೇಲ್ಮೈಯನ್ನೂ ಹೊದೆಯುತ್ತದೆ. ಹೀಗೆ ಎರಡು ಪೊರೆಗಳ ನಡುವೆ ಒಂದು ಕಿರಿದಾದ ಸಂದು ಉಳಿಯುತ್ತದೆ. ಆರೋಗ್ಯವಂತರಲ್ಲಿ ಆ ಸಂದಿನಲ್ಲಿ 15ರಿಂದ 50 ಮಿ.ಲೀ.ನಷ್ಟು ತಿಳಿಯಾದ ದ್ರವ ಇರುತ್ತದೆ. ದಿನಕ್ಕೆ ಸುಮಾರು ಲಕ್ಷ ಸಲ ಬಡಿಯುವ ಹೃದಯ ಅಕ್ಕಪಕ್ಕಕ್ಕೆ ಉಜ್ಜದೆ ಕೆಲಸ ಮಾಡುವುದು ಈ ದ್ರವದಿಂದಾಗಿ. ಒದ್ದೆಯಾದ ಎರಡು ಗಾಜಿನ ಹಾಳೆಗಳು ಒಂದರ ಮೇಲೊಂದು ಜಾರುವ ಹಾಗೆ ಎರಡು ಪೊರೆಗಳೂ ಜಾರುತ್ತಿರುತ್ತವೆ.

ಈ ದ್ರವವನ್ನು ಒಸರುವುದು ಮೀಸೋಥೀಲಿಯಲ್ ಕೋಶಗಳು. ಪೊರೆಯ ಮೇಲೆ ಒಂದರ ಪಕ್ಕ ಒಂದು ಹಾಸಿಕೊಂಡಿರುವ ಒಂದೇ ಸಾಲು ಅವು. ಇದೇ ಜಾತಿಯ ಕೋಶಗಳು ಶ್ವಾಸಕೋಶದ ಹೊರಪೊರೆಯಲ್ಲಿ, ಹೊಟ್ಟೆಯ ಒಳಪೊರೆಯಲ್ಲಿ, ಗಂಡಸರ ವೃಷಣದ ಸುತ್ತಲಿನ ಪೊರೆಯಲ್ಲಿ ಸಹ ಇವೆ. ಇವು ಕ್ಯಾನ್ಸರಿಗೆ ತಿರುಗಿದರೆ ಮೀಸೋಥೀಲಿಯೋಮಾ. ಅದು ಹೆಚ್ಚಾಗಿ ಬರುವುದು ಶ್ವಾಸಕೋಶದ ಪೊರೆಗೆ: ಹತ್ತು ರೋಗಿಗಳಲ್ಲಿ ಎಂಟಕ್ಕೂ ಹೆಚ್ಚು ಜನರಿಗೆ ಅಲ್ಲೇ. ಮಿಕ್ಕಿದ್ದರಲ್ಲಿ ಬಹುಪಾಲು ಹೊಟ್ಟೆಯ ಪೊರೆ. ಹೃದಯದ ಚೀಲದ ಪಾಲು ನೂರಕ್ಕೆ ಒಂದರ ಆಸುಪಾಸು.

ಇಲ್ಲಿ ಗೊಂದಲವಾಗುವುದುಂಟು. ಇದು ಹೃದಯದ ಸ್ನಾಯುವಿನಲ್ಲಿ ಹುಟ್ಟುವ ಕ್ಯಾನ್ಸರ್ ಅಲ್ಲ, ಶ್ವಾಸಕೋಶದ ಕ್ಯಾನ್ಸರೂ ಅಲ್ಲ. ಹೃದಯದ ಚೀಲದಲ್ಲಿ ಗಡ್ಡೆ ಕಂಡಿತೆಂದರೆ ಅದು ಬೇರೆ ಕಡೆಯಿಂದ ಬಂದದ್ದಾಗಿರುವ ಸಾಧ್ಯತೆಯೇ ಹೆಚ್ಚು. ಶ್ವಾಸಕೋಶ, ಸ್ತನ, ದುಗ್ಧಗ್ರಂಥಿ (ಲಿಂಫ್ ಗ್ರಂಥಿ), ಚರ್ಮದ ಮೆಲನೋಮಾ, ಇವುಗಳಿಂದ ಹಬ್ಬಿದ ಕ್ಯಾನ್ಸರ್ ಅಲ್ಲಿ ಎಷ್ಟೋ ಪಟ್ಟು ಹೆಚ್ಚಾಗಿ ಕಾಣುತ್ತದೆ. ಚೀಲದಲ್ಲೇ ಹುಟ್ಟಿದ ಕ್ಯಾನ್ಸರುಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ಆಗ ಮೀಸೋಥೀಲಿಯೋಮಾ ಮೊದಲ ಸ್ಥಾನದಲ್ಲಿದೆ. ಶ್ವಾಸಕೋಶದ ಪೊರೆಯಲ್ಲಿ ಶುರುವಾದ ಮೀಸೋಥೀಲಿಯೋಮಾ ಪಕ್ಕದ ಹೃದಯಾವರಣಕ್ಕೆ ಹಬ್ಬುವುದೂ ಸಾಮಾನ್ಯ. ಆದ್ದರಿಂದ ಶ್ವಾಸಕೋಶದ ಪೊರೆಯಲ್ಲಿ ದೊಡ್ಡ ಗಡ್ಡೆ ಇಲ್ಲವೆಂದು ಖಾತ್ರಿಯಾದ ಮೇಲಷ್ಟೇ ಹೃದಯದ ಚೀಲವನ್ನು ಮೂಲ ಎಂದು ಒಪ್ಪುತ್ತಾರೆ.

ಈ ಕ್ಯಾನ್ಸರ್ ಒಂದೇ ಉಂಡೆಯಾಗಿ ಬೆಳೆಯುವುದು ಕಡಿಮೆ. ಹೆಚ್ಚಾಗಿ ಪೊರೆಯ ಉದ್ದಗಲಕ್ಕೂ ಹರಡಿಕೊಳ್ಳುತ್ತದೆ, ಅಲ್ಲಲ್ಲಿ ಗಂಟುಕಟ್ಟುತ್ತದೆ, ನಿಧಾನಕ್ಕೆ ಎರಡೂ ಪೊರೆಗಳನ್ನು ಬೆಸೆದು ಹೃದಯವನ್ನು ಸುತ್ತಲಿಂದ ಬಿಗಿಯುತ್ತದೆ. ಶಸ್ತ್ರಚಿಕಿತ್ಸೆ ಇಲ್ಲಿ ಸಲೀಸಲ್ಲದಿರುವುದಕ್ಕೆ ಇದೇ ಕಾರಣ.

ಕಲ್ನಾರು ಪೊರೆಯನ್ನು ಹೇಗೆ ಕೆಡಿಸುತ್ತದೆ

ಕಲ್ನಾರು ಒಂದೇ ಖನಿಜವಲ್ಲ. ನಾರಾಗಿ ಬಿಡಿಸಿಕೊಳ್ಳುವ ಆರು ಖನಿಜಗಳಿಗೆ ಸೇರಿ ಇರುವ ಹೆಸರು. ಬಿಳಿ ಕಲ್ನಾರು, ಕ್ರೈಸೊಟೈಲ್, ಸುರುಳಿ ಸುರುಳಿಯಾದ ಎಳೆಗಳದ್ದು. ಉಳಿದ ಐದು ಆಂಫಿಬೋಲ್ ಗುಂಪಿನವು. ನೀಲಿ ಬಣ್ಣದ ಕ್ರೊಸಿಡೊಲೈಟ್, ಕಂದು ಬಣ್ಣದ ಅಮೊಸೈಟ್ ಆ ಗುಂಪಿನಲ್ಲಿ ಹೆಸರುವಾಸಿ. ಇವುಗಳ ಎಳೆ ಸೂಜಿಯಂತೆ ನೇರ. ಬೆಂಕಿಗೆ ಸುಡದ, ಬಟ್ಟೆಯಂತೆ ನೇಯಬಹುದಾದ ಕಲ್ಲು ಸಿಕ್ಕಿತೆಂದರೆ ಕೈಗಾರಿಕೆಗೆ ಹಬ್ಬವೇ. ಬಾಯ್ಲರ್‌ಗಳ ಹೊದಿಕೆ, ಹಡಗಿನ ಎಂಜಿನ್ ಕೋಣೆ, ಬ್ರೇಕ್ ಲೈನಿಂಗ್, ಗ್ಯಾಸ್ಕೆಟ್, ಚಾವಣಿಯ ಸಿಮೆಂಟ್ ಶೀಟು, ನೀರಿನ ಪೈಪು: 20ನೇ ಶತಮಾನದಲ್ಲಿ ಅದು ಹೋಗದ ಜಾಗವಿಲ್ಲ.

ಮೀಸೋಥೀಲಿಯೋಮಾಕ್ಕೂ ಕಲ್ನಾರಿಗೂ ಇರುವ ನಂಟು ಸ್ಪಷ್ಟವಾಗಿ ಬೆಳಕಿಗೆ ಬಂದದ್ದು 1960ರಲ್ಲಿ. ದಕ್ಷಿಣ ಆಫ್ರಿಕಾದ ಕೇಪ್ ಪ್ರಾಂತ್ಯದ ವಾಯವ್ಯ ಭಾಗದಲ್ಲಿ ನೀಲಿ ಕಲ್ನಾರಿನ ಗಣಿಗಳಿದ್ದವು. ಕ್ರಿಸ್ಟೋಫರ್ ವ್ಯಾಗ್ನರ್ ಎಂಬ ರೋಗಶಾಸ್ತ್ರಜ್ಞರು ಸ್ಲೆಗ್ಸ್ ಮತ್ತು ಮಾರ್ಚಂಡ್ ಜೊತೆ ಸೇರಿ ಶ್ವಾಸಕೋಶದ ಪೊರೆಯ ಮೀಸೋಥೀಲಿಯೋಮಾದ 33 ಪ್ರಕರಣಗಳನ್ನು ಪ್ರಕಟಿಸಿದರು. ಅಲ್ಲಿಯವರೆಗೆ ಇಂಥದ್ದೊಂದು ಕ್ಯಾನ್ಸರ್ ಇದೆಯೇ ಎಂದೇ ಅನುಮಾನಿಸುವ ವೈದ್ಯರಿದ್ದರು. ಆ ವರದಿಯನ್ನು ಓದುವಾಗ ನನ್ನನ್ನು ಹೆಚ್ಚು ಕಲಕುವುದು ರೋಗಿಗಳ ಹಿನ್ನೆಲೆ. ಅವರಲ್ಲಿ ಎಷ್ಟೋ ಜನ ಗಣಿಯಲ್ಲಿ ಒಂದು ದಿನವೂ ದುಡಿದವರಲ್ಲ. ಗಣಿಯ ಹತ್ತಿರ ಹುಟ್ಟಿ ಬೆಳೆದವರು, ಚಿಕ್ಕಂದಿನಲ್ಲಿ ಅಲ್ಲಿ ಇದ್ದು ಆಮೇಲೆ ಬೇರೆಡೆಗೆ ಹೋದವರು. ಬಾಲ್ಯದಲ್ಲಿ ಉಸಿರಾಡಿದ ದೂಳು ದಶಕಗಳ ನಂತರ ಕಾಯಿಲೆಯಾಗಿ ಎದ್ದಿತ್ತು. ಗಂಡನ ಕೆಲಸದ ಬಟ್ಟೆಯನ್ನು ಕೊಡವಿ ಒಗೆದ ಹೆಂಡತಿಗೂ ಇದು ಬರಬಹುದು ಎನ್ನುವುದು ಆಮೇಲಿನ ವರ್ಷಗಳಲ್ಲಿ ಬೇರೆ ಬೇರೆ ದೇಶಗಳಿಂದ ಖಚಿತವಾಯಿತು.

ಎಳೆ ದೇಹದೊಳಗೆ ಹೋದ ಮೇಲೆ ಏನಾಗುತ್ತದೆ? ಕಲ್ನಾರನ್ನು ಕತ್ತರಿಸಿದಾಗ, ಉಜ್ಜಿದಾಗ, ಒಡೆದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಗಾಳಿಗೆ ಸೇರುತ್ತವೆ. ದಪ್ಪನೆಯವು ಮೂಗು ಗಂಟಲಲ್ಲೇ ನಿಲ್ಲುತ್ತವೆ. ತೆಳ್ಳಗಿನವು ಗಾಳಿಯ ಹರಿವಿಗೆ ಉದ್ದುದ್ದಕ್ಕೆ ಹೊಂದಿಕೊಂಡು ಶ್ವಾಸಕೋಶದ ತೀರಾ ಒಳಗಿನ ಗಾಳಿಗೂಡುಗಳನ್ನು ತಲುಪುತ್ತವೆ. ಅಲ್ಲಿ ಕಸ ನುಂಗಿ ಶುಚಿಮಾಡುವ ಮ್ಯಾಕ್ರೊಫೇಜ್ ಕೋಶಗಳಿವೆ. ಉದ್ದನೆಯ ಎಳೆ ಆ ಕೋಶಕ್ಕಿಂತಲೂ ಉದ್ದವಿದ್ದರೆ ಕೋಶ ಅದನ್ನು ಅರ್ಧ ನುಂಗಿ ಸಿಕ್ಕಿಹಾಕಿಕೊಳ್ಳುತ್ತದೆ. ಒಳಗೆಳೆದುಕೊಳ್ಳಲೂ ಆಗದು, ಬಿಡಲೂ ಆಗದು. ಆ ಒದ್ದಾಟದಲ್ಲಿ ಅದು ಉರಿಯೂತದ ರಾಸಾಯನಿಕಗಳನ್ನೂ ಕೋಶಗಳಿಗೆ ಹಾನಿಮಾಡುವ ಆಮ್ಲಜನಕದ ಉಗ್ರ ರೂಪಗಳನ್ನೂ ಸುತ್ತಲೂ ಚೆಲ್ಲುತ್ತದೆ. ನೀಲಿ, ಕಂದು ಕಲ್ನಾರಿನಲ್ಲಿ ಕಬ್ಬಿಣದ ಅಂಶ ಹೆಚ್ಚಿರುವುದರಿಂದ ಈ ಹಾನಿ ಇನ್ನೂ ಜಾಸ್ತಿ. ಸತ್ತ ಕೋಶದ ಜಾಗಕ್ಕೆ ಇನ್ನೊಂದು ಬರುತ್ತದೆ, ಎಳೆ ಮಾತ್ರ ಕರಗದೆ ಅಲ್ಲೇ ಇರುತ್ತದೆ. ಇದು ವರ್ಷಗಟ್ಟಲೆ ಆರದ ಉರಿ.

ಕೆಲವು ಎಳೆಗಳು ದುಗ್ಧನಾಳಗಳ ಮೂಲಕ ಶ್ವಾಸಕೋಶದಿಂದ ಹೊರಬಂದು ಪೊರೆಗಳನ್ನು ಸೇರುತ್ತವೆ. ಹೃದಯದ ಚೀಲ ಎಡಬಲ ಎರಡೂ ಶ್ವಾಸಕೋಶಗಳ ನಡುವೆ, ಅವುಗಳ ಪೊರೆಗೆ ತಾಗಿಕೊಂಡೇ ಇದೆ. ಹಾಗಾಗಿ ಎಳೆ ಅಲ್ಲಿಗೂ ಬರಲು ದಾರಿಯಿದೆ. ಉರಿಯ ನಡುವೆ ಮೀಸೋಥೀಲಿಯಲ್ ಕೋಶಗಳು ಸಾಯುತ್ತಾ, ಮತ್ತೆ ವಿಭಜನೆಯಾಗುತ್ತಾ ಇರುವಾಗ ಅವುಗಳ ಡಿಎನ್ಎಯಲ್ಲಿ ತಪ್ಪುಗಳು ಸೇರಿಕೊಳ್ಳುತ್ತವೆ. ಕೋಶದ ಬೆಳವಣಿಗೆಗೆ ಲಗಾಮು ಹಾಕುವ ಬಿಎಪಿ1, ಸಿಡಿಕೆಎನ್2ಎ, ಎನ್ಎಫ್2 ಮುಂತಾದ ಜೀನ್‌ಗಳು ಒಂದೊಂದಾಗಿ ಕೈಬಿಟ್ಟುಹೋದಾಗ ಕೋಶ ಕ್ಯಾನ್ಸರಾಗುತ್ತದೆ. ಮೊದಲು ದೂಳು ಕುಡಿದ ದಿನದಿಂದ ಕಾಯಿಲೆ ಕಾಣುವವರೆಗೆ ಸಾಮಾನ್ಯವಾಗಿ 20ರಿಂದ 50 ವರ್ಷ ಹಿಡಿಯುತ್ತದೆ.

ಸಿಗರೇಟು ಸೇದುವುದರಿಂದ ಮೀಸೋಥೀಲಿಯೋಮಾ ಬರುವುದಿಲ್ಲ. ಕಲ್ನಾರು ಮತ್ತು ಸಿಗರೇಟು ಎರಡೂ ಸೇರಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಏರುತ್ತದೆ, ಆದರೆ ಅದು ಬೇರೆ ಕಾಯಿಲೆ. "ನಾನು ಸೇದಿದ್ದಕ್ಕೇ ಹೀಗಾಯಿತು" ಎಂದು ಈ ರೋಗಿಗಳು ಕೊರಗಬೇಕಾಗಿಲ್ಲ.

ಶ್ವಾಸಕೋಶದಷ್ಟು ಬಿಗಿಯಾದ ನಂಟಲ್ಲ

ಒಂದು ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಶ್ವಾಸಕೋಶದ ಪೊರೆಯ ಮೀಸೋಥೀಲಿಯೋಮಾ ಇದ್ದವರಲ್ಲಿ ಹೆಚ್ಚಿನವರ ಹಿನ್ನೆಲೆ ಕೆದಕಿದರೆ ಕಲ್ನಾರು ಸಿಗುತ್ತದೆ. ಹೃದಯದ ಚೀಲದ ವಿಷಯದಲ್ಲಿ ಹಾಗಿಲ್ಲ. ಪ್ರಕಟವಾದ ಪ್ರಕರಣಗಳಲ್ಲಿ ಕಲ್ನಾರಿನ ಸಂಪರ್ಕ ಸ್ಪಷ್ಟವಾಗಿ ದಾಖಲಾಗಿರುವುದು ಕಡಿಮೆ ಪಾಲಿನಲ್ಲಿ. ಹದಿಹರೆಯದವರಿಗೂ ಈ ಕಾಯಿಲೆ ಬಂದದ್ದುಂಟು. 20 ವರ್ಷ ಕಾಯುವ ಕಾರಣ ಅವರಿಗೆ ಹೊಂದುವುದಿಲ್ಲ. ಇದರಿಂದ ಕೆಲವರು ಹೃದಯದ ಚೀಲದ ಕ್ಯಾನ್ಸರಿಗೂ ಕಲ್ನಾರಿಗೂ ಸಂಬಂಧವೇ ಇಲ್ಲ ಎಂದು ವಾದಿಸಿದ್ದಾರೆ.

ಆ ವಾದವನ್ನು ನಾನು ಒಪ್ಪುವುದಿಲ್ಲ. ದಾಖಲಾಗಿಲ್ಲ ಎಂದರೆ ಇರಲಿಲ್ಲ ಎಂದಲ್ಲ. ಬಿಡಿಬಿಡಿ ವರದಿಗಳಲ್ಲಿ ರೋಗಿಯ ಎಕೋ, ಸ್ಕ್ಯಾನು, ಶಸ್ತ್ರಚಿಕಿತ್ಸೆಯ ವಿವರ ಪುಟಗಟ್ಟಲೆ ಇರುತ್ತದೆ; ಹಿಂದೆ ಏನು ಕೆಲಸ ಮಾಡಿದ್ದರು ಎನ್ನುವುದಕ್ಕೆ ಒಂದು ಸಾಲು ಇದ್ದರೆ ಹೆಚ್ಚು. ಎಷ್ಟೋ ಸಲ ರೋಗ ಗೊತ್ತಾದದ್ದೇ ಸತ್ತ ಮೇಲೆ, ಆಗ ಕೇಳುವುದಾದರೂ ಯಾರನ್ನು? ಈ ಕೊರತೆಯನ್ನು ಒಂದಷ್ಟು ತುಂಬಿದ್ದು ಇಟಲಿ. ಅಲ್ಲಿ ಮೀಸೋಥೀಲಿಯೋಮಾದ ಪ್ರತಿ ರೋಗಿಯನ್ನೂ ಕೆಲಸದ ಇತಿಹಾಸದ ಸಮೇತ ದಾಖಲಿಸುವ ರಾಷ್ಟ್ರೀಯ ವ್ಯವಸ್ಥೆ ಇದೆ. ಆ ದಾಖಲೆಯನ್ನು ಆಧರಿಸಿ, ಹೃದಯದ ಚೀಲದ ಮತ್ತು ವೃಷಣದ ಪೊರೆಯ ಮೀಸೋಥೀಲಿಯೋಮಾ ಇದ್ದವರನ್ನು ಕಾಯಿಲೆಯಿಲ್ಲದವರ ಜೊತೆ ಹೋಲಿಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಕೆಲಸದಲ್ಲಿ ಕಲ್ನಾರಿಗೆ ಒಡ್ಡಿಕೊಂಡವರಲ್ಲಿ ಹೃದಯದ ಚೀಲದ ಕ್ಯಾನ್ಸರಿನ ಅಪಾಯ ಹೆಚ್ಚು ಎಂದು ಅದು ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ನಿಲುವೂ ಗೊತ್ತಿರುವಂಥದ್ದೇ: ಬಿಳಿಯಿರಲಿ, ನೀಲಿಯಿರಲಿ, ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್‌ಕಾರಕ.

ಕಲ್ನಾರಲ್ಲದೆ ಬೇರೆ ಕಾರಣಗಳೂ ಇವೆ. ಎದೆಯ ಭಾಗಕ್ಕೆ ಹಿಂದೆಂದೋ ರೇಡಿಯೇಷನ್ ಚಿಕಿತ್ಸೆ ಪಡೆದವರಲ್ಲಿ, ಉದಾಹರಣೆಗೆ ಹಾಡ್ಕಿನ್ ಲಿಂಫೋಮಾ ಎಂಬ ದುಗ್ಧಗ್ರಂಥಿಯ ಕ್ಯಾನ್ಸರಿಗೆ ಅಥವಾ ಸ್ತನ ಕ್ಯಾನ್ಸರಿಗೆ, ಹಲವು ವರ್ಷಗಳ ನಂತರ ಇದು ಕಾಣಿಸಿಕೊಂಡಿದೆ. ಇನ್ನು ಕೆಲವು ಕುಟುಂಬಗಳಲ್ಲಿ ಬಿಎಪಿ1 ಜೀನಿನ ದೋಷ ಹುಟ್ಟಿನಿಂದಲೇ ಬಂದಿರುತ್ತದೆ. ಅಮೆರಿಕದ ಎರಡು ಕುಟುಂಬಗಳ ಅಧ್ಯಯನದಿಂದ 2011ರಲ್ಲಿ ಇದು ಬೆಳಕಿಗೆ ಬಂತು. ಆ ದೋಷ ಹೊತ್ತವರಿಗೆ ಮೀಸೋಥೀಲಿಯೋಮಾ ಮಾತ್ರವಲ್ಲ, ಕಣ್ಣಿನ ಮೆಲನೋಮಾ, ಚರ್ಮದ ಮೆಲನೋಮಾ, ಕಿಡ್ನಿ ಕ್ಯಾನ್ಸರ್ ಬರುವ ಸಾಧ್ಯತೆಯೂ ಹೆಚ್ಚು. ಎಷ್ಟೇ ಹುಡುಕಿದರೂ ಕಾರಣ ಸಿಗದ ರೋಗಿಗಳೂ ಇದ್ದಾರೆ.

ಬಿಗಿತ ಹೇಗೆ ಗೊತ್ತಾಗುತ್ತದೆ

ಶುರುವಿನ ಲಕ್ಷಣಗಳಲ್ಲಿ ಕ್ಯಾನ್ಸರ್ ಎನ್ನುವಂಥದ್ದು ಏನೂ ಇರುವುದಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು. ಎದೆಯಲ್ಲಿ ನೋವು ಅಥವಾ ಒತ್ತಿದಂತೆ ಅನಿಸುವುದು. ಒಣ ಕೆಮ್ಮು, ಸುಸ್ತು, ಒಮ್ಮೊಮ್ಮೆ ಸಣ್ಣ ಜ್ವರ. ಮಲಗಿದರೆ ಉಸಿರು ಕಟ್ಟಿ, ಎದ್ದು ಕೂತರೆ ಹಗುರಾಗುತ್ತದೆ. ಆಮೇಲಾಮೇಲೆ ಪಾದ ಬಾತುಕೊಳ್ಳುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಹೆಚ್ಚಿನ ರೋಗಿಗಳು ನಡುವಯಸ್ಸಿನವರು, ಹೆಂಗಸರಿಗಿಂತ ಗಂಡಸರು ಜಾಸ್ತಿ.

ಹೃದಯದ ಬಲಭಾಗ ಕಡಿಮೆ ಒತ್ತಡದಲ್ಲಿ ಕೆಲಸ ಮಾಡುತ್ತದೆ, ಅದರ ಗೋಡೆಯೂ ತೆಳು. ಹೊರಗಿಂದ ಒತ್ತು ಬಿದ್ದರೆ ಮೊದಲು ಸೋಲುವುದು ಅದೇ. ದೇಹದಿಂದ ಮರಳುವ ರಕ್ತಕ್ಕೆ ಒಳಬರಲು ಜಾಗ ಸಾಲದೆ ಹಿಂದೆಯೇ ನಿಲ್ಲುತ್ತದೆ. ಕೂತ ರೋಗಿಯ ಕತ್ತಿನಲ್ಲಿ ರಕ್ತನಾಳ ಉಬ್ಬಿ ಕಾಣುವುದು, ಕಾಲು ಬಾಯುವುದು, ಯಕೃತ್ತು ಹಿಗ್ಗುವುದು ಎಲ್ಲ ಇದರಿಂದಲೇ. ಚೀಲದಲ್ಲಿ ಎಷ್ಟು ನೀರಿದೆ ಎನ್ನುವುದಕ್ಕಿಂತ ಎಷ್ಟು ಬೇಗ ತುಂಬಿತು ಎನ್ನುವುದು ಮುಖ್ಯ. ದಿಢೀರನೆ ತುಂಬಿದರೆ 150–200 ಮಿ.ಲೀ. ಕೂಡ ಪ್ರಾಣಕ್ಕೆ ಸಂಚಕಾರ. ವಾರ, ತಿಂಗಳುಗಳಲ್ಲಿ ನಿಧಾನವಾಗಿ ತುಂಬಿದರೆ ಚೀಲ ಹಿಗ್ಗಿ ಒಂದು ಲೀಟರಿಗೂ ಜಾಗ ಕೊಡುತ್ತದೆ. ಒತ್ತಡ ಮಿತಿ ಮೀರಿ ಹೃದಯಕ್ಕೆ ತುಂಬಿಕೊಳ್ಳಲಾಗದ ಸ್ಥಿತಿಗೆ ಟ್ಯಾಂಪೊನೇಡ್ ಎಂದು ಹೆಸರು. ರಕ್ತದೊತ್ತಡ ಕುಸಿಯುವುದು, ಕತ್ತಿನ ನಾಳ ಉಬ್ಬುವುದು, ಸ್ಟೆತಸ್ಕೋಪಿಗೆ ಹೃದಯದ ಸದ್ದು ಕ್ಷೀಣವಾಗುವುದು: ಈ ಮೂರನ್ನು ಒಟ್ಟಾಗಿ ಗುರುತಿಸಿದವರು ಅಮೆರಿಕದ ಶಸ್ತ್ರಚಿಕಿತ್ಸಕ ಕ್ಲಾಡ್ ಬೆಕ್, 1935ರಲ್ಲಿ. ಟ್ಯಾಂಪೊನೇಡ್ ಆದರೆ ಗಂಟೆಗಳ ಲೆಕ್ಕದಲ್ಲಿ ನೀರು ತೆಗೆಯಬೇಕು, ಒಮ್ಮೊಮ್ಮೆ ನಿಮಿಷಗಳ ಲೆಕ್ಕದಲ್ಲಿ.

ಎಕೋ ಪರದೆಯ ಮೇಲೆ ಇದನ್ನು ನೋಡಿದವರು ಮರೆಯುವುದಿಲ್ಲ. ನೀರು ಕಪ್ಪಗೆ ಕಾಣುತ್ತದೆ. ಆ ಕಪ್ಪಿನ ನಡುವೆ ಇಡೀ ಹೃದಯ ಒಂದು ಬಡಿತಕ್ಕೆ ಮುಂದೆ, ಇನ್ನೊಂದು ಬಡಿತಕ್ಕೆ ಹಿಂದೆ ತೂಗುತ್ತಿರುತ್ತದೆ. ಅದೇ ಹೊತ್ತಿಗೆ ಇಸಿಜಿ ತೆಗೆದರೆ ಅಲೆಗಳು ಒಂದು ಎತ್ತರ, ಒಂದು ಗಿಡ್ಡ, ಹೀಗೆ ಸರತಿಯಲ್ಲಿ ಬರುತ್ತವೆ. ಹೃದಯ ಎದೆಯ ಗೋಡೆಗೆ ಒಮ್ಮೆ ಹತ್ತಿರ, ಒಮ್ಮೆ ದೂರ ಆಗುತ್ತಿರುವುದರ ಗುರುತು ಅದು.

ಮೀಸೋಥೀಲಿಯೋಮಾದಲ್ಲಿ ಇನ್ನೊಂದು ತೊಡಕಿದೆ. ನೀರನ್ನು ಪೂರ್ತಿ ತೆಗೆದರೂ ಕೆಲವರಿಗೆ ಆರಾಮವೆನಿಸುವುದಿಲ್ಲ, ಕತ್ತಿನ ಉಬ್ಬು ಇಳಿಯುವುದಿಲ್ಲ. ಅಲ್ಲಿ ಹೃದಯವನ್ನು ಒತ್ತುತ್ತಿದ್ದದ್ದು ನೀರು ಮಾತ್ರವಲ್ಲ, ದಪ್ಪಗಟ್ಟಿದ ಪೊರೆಯೂ ಹೌದು. ನೀರು ತೆಗೆದ ಮೇಲೂ ಬಿಗಿತ ಉಳಿದರೆ ವೈದ್ಯರು ಪೊರೆಯ ಬಗ್ಗೆ ಗಂಭೀರವಾಗಿ ಯೋಚಿಸಬೇಕಾಗುತ್ತದೆ.

ಸೂಜಿಗೆ ಸಿಗದ ಉತ್ತರ

ರೋಗಿಗಳ ಸಮಯ ಹೆಚ್ಚಾಗಿ ಕಳೆದುಹೋಗುವುದು ಪತ್ತೆಯ ಹಂತದಲ್ಲಿ. ಬದುಕಿರುವಾಗಲೇ ಖಚಿತವಾಗಿ ಗೊತ್ತಾಗುವವರು ಕಡಿಮೆ. ಹಳೆಯ ವರದಿಗಳಲ್ಲಂತೂ ಬಹುಪಾಲು ಶವಪರೀಕ್ಷೆಯಲ್ಲಿ ಗೊತ್ತಾದವು.

ಎದೆಯ ಎಕ್ಸ್-ರೇಯಲ್ಲಿ ಹೃದಯದ ನೆರಳು ದೊಡ್ಡದಾಗಿ ಕಾಣುತ್ತದೆ, ಅಷ್ಟೇ. ಎಕೋ ನೀರನ್ನು ಚೆನ್ನಾಗಿ ತೋರಿಸುತ್ತದೆ, ಪೊರೆಯ ಗಂಟುಗಳನ್ನು ಅಷ್ಟಾಗಿ ತೋರಿಸುವುದಿಲ್ಲ. ಸಿ.ಟಿ. ಸ್ಕ್ಯಾನ್ ಮತ್ತು ಹೃದಯದ ಎಂ.ಆರ್.ಐ. ಪೊರೆ ಎಲ್ಲಿ ದಪ್ಪವಾಗಿದೆ, ಸ್ನಾಯುವಿಗೆ ಇಳಿದಿದೆಯೇ ಎನ್ನುವುದನ್ನು ತೋರಿಸುತ್ತವೆ. ಪೆಟ್ ಸ್ಕ್ಯಾನ್‌ನಲ್ಲಿ ಕ್ಯಾನ್ಸರಿನ ಜಾಗ ಹೊಳೆಯುತ್ತದೆ, ಆದರೆ ಕ್ಷಯದ ಜಾಗವೂ ಹೊಳೆಯುತ್ತದೆ.

ಸೂಜಿಯಿಂದ ತೆಗೆದ ನೀರು ಹೆಚ್ಚಾಗಿ ಕೆಂಪಗಿರುತ್ತದೆ. ಸೂಜಿ ತಪ್ಪಿ ಹೃದಯದ ಕೋಣೆಗೇ ಹೊಕ್ಕಿತೇ ಎಂಬ ಆತಂಕ ಬರುವಷ್ಟು ಕೆಂಪು. ಹೃದಯದೊಳಗಿಂದ ತೆಗೆದ ರಕ್ತ ಹೆಪ್ಪುಗಟ್ಟುತ್ತದೆ, ಚೀಲದಲ್ಲಿ ನಿಂತ ರಕ್ತಮಿಶ್ರಿತ ನೀರು ಸಾಮಾನ್ಯವಾಗಿ ಹೆಪ್ಪುಗಟ್ಟುವುದಿಲ್ಲ. ಈ ನೀರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಉತ್ತರ ಸಿಗಬೇಕಲ್ಲವೇ? ಬಹಳ ಸಲ ಸಿಗುವುದಿಲ್ಲ. ಕ್ಯಾನ್ಸರ್ ಕೋಶಗಳು ಪೊರೆಯನ್ನು ಬಿಟ್ಟು ನೀರಿಗೆ ಬಿದ್ದಿರಲೇಬೇಕೆಂದಿಲ್ಲ. ಬಿದ್ದರೂ, ಉರಿಯೂತದಲ್ಲಿ ಕೆರಳಿದ ಮಾಮೂಲಿ ಮೀಸೋಥೀಲಿಯಲ್ ಕೋಶಗಳು ನೋಡಲು ಕ್ಯಾನ್ಸರ್ ಕೋಶಗಳ ಹಾಗೆಯೇ ಇರುತ್ತವೆ. ನುರಿತ ಕಣ್ಣಿಗೂ ಇದು ಮೋಸ ಮಾಡುತ್ತದೆ.

ಕ್ಷಯ ಎಂಬ ತೀರ್ಮಾನಕ್ಕೆ ಬರುವುದು ಸುಲಭವಾಗುವುದೂ ಹೀಗೆಯೇ. ರೋಗಾಣು ಸಿಗದಿದ್ದರೂ ಹೃದಯಾವರಣದ ಕ್ಷಯ ಇರಬಹುದು, ಆದ್ದರಿಂದ ವೈದ್ಯರು ಅಂದಾಜಿನ ಮೇಲೆ ಔಷಧ ಶುರುಮಾಡುವುದರಲ್ಲಿ ತಪ್ಪಿಲ್ಲ. ನೀರಿನಲ್ಲಿ ಎಡಿಎ ಎಂಬ ಕಿಣ್ವದ ಮಟ್ಟ ಏರಿದ್ದರೆ ಕ್ಷಯ ಎನ್ನುವ ರೂಢಿಯಿದೆ, ಅದು ಕೆಲವೊಮ್ಮೆ ಕ್ಯಾನ್ಸರಿನಲ್ಲೂ ಏರುತ್ತದೆ. ಸ್ಟೀರಾಯ್ಡ್ ಕೊಟ್ಟಾಗ ಉರಿ ತಗ್ಗಿ, ಸ್ವಲ್ಪ ದಿನ ಸುಧಾರಿಸಿದಂತೆ ಕಂಡು, ಎಲ್ಲರಿಗೂ ಸಮಾಧಾನವಾಗಿಬಿಡಬಹುದು. ಈ ಬರಹದಿಂದ ಒಂದೇ ಮಾತು ನೆನಪಿಡುವುದಿದ್ದರೆ ಇದನ್ನಿಡಿ: ನೀರು ಮತ್ತೆ ಮತ್ತೆ ತುಂಬುತ್ತಿದ್ದರೆ, ಅಂದಾಜಿನ ಔಷಧಕ್ಕೆ ಬಗ್ಗದಿದ್ದರೆ, ಕಾರಣ ಇನ್ನೂ ಗೊತ್ತಾಗಿಲ್ಲವೆಂದಾದರೆ, ಪೊರೆಯ ತುಣುಕು ತೆಗೆದು ನೋಡುವ ಬಗ್ಗೆ ಕೇಳಬೇಕು. "ಡಾಕ್ಟ್ರೇ, ಬಯಾಪ್ಸಿ ಮಾಡಿಸುವುದರಿಂದ ಇನ್ನೇನಾದರೂ ಗೊತ್ತಾಗಬಹುದೇ?" ಎಂದು ಮನೆಯವರು ಕೇಳಿದರೆ ಅದು ವೈದ್ಯರ ಮೇಲಿನ ಅಪನಂಬಿಕೆಯಲ್ಲ.

ತುಣುಕು ತೆಗೆಯಲು ಎದೆಯ ಮೂಳೆಯ ಕೆಳತುದಿಯಲ್ಲಿ ಸಣ್ಣದಾಗಿ ಕೊಯ್ದು ಚೀಲವನ್ನು ತಲುಪುತ್ತಾರೆ, ಇಲ್ಲವೇ ಪಕ್ಕೆಲುಬುಗಳ ನಡುವಿನಿಂದ ಕ್ಯಾಮೆರಾ ತೂರಿಸಿ ಕಣ್ಣಾರೆ ನೋಡಿ ತೆಗೆಯುತ್ತಾರೆ. ತೆಗೆದ ತುಣುಕನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳುವಾಗಿ ಸೀಳಿ, ಗಾಜಿನ ಪಟ್ಟಿಯ ಮೇಲೆ ಹರಡಿ ಬಣ್ಣ ಹಾಕುತ್ತಾರೆ. ಹಲವು ಪ್ರೋಟೀನ್‌ಗಳಿಗೆ ಬೇರೆ ಬೇರೆ ಪಟ್ಟಿ. ಕ್ಯಾಲ್ರೆಟಿನಿನ್, ಡಬ್ಲ್ಯುಟಿ1 ಕಂದು ಬಣ್ಣಕ್ಕೆ ತಿರುಗಿದರೆ ಕೋಶ ಮೀಸೋಥೀಲಿಯಲ್ ಮೂಲದ್ದು ಎನ್ನುವ ಸುಳಿವು. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಬಣ್ಣ ಹಿಡಿಯುವ ಟಿಟಿಎಫ್1 ಇಲ್ಲಿ ಹಿಡಿಯುವುದಿಲ್ಲ. ಆದರೆ ಅದು ಬರೀ ಕೆರಳಿದ ಕೋಶವೋ ಕ್ಯಾನ್ಸರೋ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಅದಕ್ಕೆ ಬಿಎಪಿ1 ಪಟ್ಟಿ ನೋಡುತ್ತಾರೆ. ಸುತ್ತಲಿನ ರಕ್ತನಾಳದ ಕೋಶ, ಬಿಳಿ ರಕ್ತಕಣಗಳ ಕೇಂದ್ರ ಕಂದಾಗಿದ್ದು, ಸಂಶಯದ ಕೋಶಗಳ ಕೇಂದ್ರ ಮಾತ್ರ ಬಣ್ಣ ಹಿಡಿಯದೆ ನೀಲಿಯಾಗಿ ಉಳಿದಿದ್ದರೆ ಆ ಪ್ರೋಟೀನು ಅಲ್ಲಿ ಕಳೆದುಹೋಗಿದೆ ಎಂದರ್ಥ. ಮೀಸೋಥೀಲಿಯೋಮಾ ಎನ್ನಲು ಅದು ಬಲವಾದ ಸಾಕ್ಷಿ. ಬಿಎಪಿ1 ಉಳಿದುಕೊಂಡಿದ್ದ ಮಾತ್ರಕ್ಕೆ ಕ್ಯಾನ್ಸರ್ ಇಲ್ಲ ಎನ್ನುವಂತಿಲ್ಲ. ಆಗ ಬೇರೆ ಪರೀಕ್ಷೆಗಳಿವೆ. ಕೋಶದ ಆಕಾರ ನೋಡಿ ಎಪಿಥೀಲಿಯಾಯ್ಡ್, ಸಾರ್ಕೊಮಟಾಯ್ಡ್, ಎರಡೂ ಬೆರೆತ ಬೈಫೇಸಿಕ್ ಎಂದು ವಿಂಗಡಿಸುತ್ತಾರೆ. ಮೂರರಲ್ಲಿ ಎಪಿಥೀಲಿಯಾಯ್ಡ್ ಸ್ವಲ್ಪ ಸೌಮ್ಯ.

ಚಿಕಿತ್ಸೆಯಿಂದ ಎಷ್ಟು ಸಾಧ್ಯ

ಇದು ಕಠಿಣ ಕಾಯಿಲೆ. ಪ್ರಕಟವಾದ ಪ್ರಕರಣಗಳನ್ನು ಒಟ್ಟು ಸೇರಿಸಿ ನೋಡಿದರೆ ಪತ್ತೆಯಾದ ನಂತರದ ಬದುಕು ಸಾಮಾನ್ಯವಾಗಿ ಆರು ತಿಂಗಳ ಆಸುಪಾಸು. ಆ ಲೆಕ್ಕದಲ್ಲಿ ತಡವಾಗಿ ಪತ್ತೆಯಾದವರು, ಚಿಕಿತ್ಸೆಯನ್ನೇ ಪಡೆಯದವರು ತುಂಬಾ ಜನ ಇದ್ದಾರೆ. ಶಸ್ತ್ರಚಿಕಿತ್ಸೆ, ಕಿಮೊ ಪಡೆದು ವರ್ಷ ದಾಟಿ ಬದುಕಿದವರ ವರದಿಗಳೂ ಇವೆ. ಸರಾಸರಿ ಒಬ್ಬ ರೋಗಿಯ ಭವಿಷ್ಯ ಹೇಳುವುದಿಲ್ಲ.

ಮೊದಲ ಕೆಲಸ ಒತ್ತಡ ಇಳಿಸುವುದು. ಸೂಜಿಯಿಂದ ನೀರು ತೆಗೆದರೆ ತಕ್ಷಣದ ಆರಾಮ. ಮತ್ತೆ ತುಂಬುವುದನ್ನು ತಡೆಯಲು ಚೀಲದಲ್ಲಿ ಒಂದು ಕಿಂಡಿ ಕೊಯ್ಯುತ್ತಾರೆ. ನೀರು ಪಕ್ಕದ ಎದೆಗೂಡಿನ ಜಾಗಕ್ಕೆ ಹರಿದು ಅಲ್ಲಿ ಹೀರಿಹೋಗುತ್ತದೆ. ಕಾಯಿಲೆ ಒಂದೇ ಕಡೆ ಇದ್ದರೆ ಚೀಲವನ್ನೇ ಆದಷ್ಟು ಬಿಡಿಸಿ ತೆಗೆಯಲು ಪ್ರಯತ್ನಿಸುತ್ತಾರೆ. ಹೃದಯದ ಸ್ನಾಯುವಿಗೆ, ಅದಕ್ಕೆ ರಕ್ತ ಒದಗಿಸುವ ಕಿರೀಟ ಧಮನಿಗಳಿಗೆ ಅಂಟಿಕೊಂಡ ಪೊರೆಯನ್ನು ಪೂರ್ತಿ ಬಿಡಿಸುವುದು ಬಹುತೇಕ ಆಗದ ಮಾತು, ಆದರೂ ಬಿಗಿತ ಸಡಿಲವಾದರೆ ಉಸಿರಾಟ ಹಗುರಾಗುತ್ತದೆ. ರೇಡಿಯೇಷನ್‌ಗೆ ಇಲ್ಲಿ ಜಾಗ ಕಡಿಮೆ, ಏಕೆಂದರೆ ಗುರಿಯ ಹಿಂದೆಯೇ ಹೃದಯವಿದೆ.

ಔಷಧಗಳ ವಿಷಯದಲ್ಲಿ ಹೃದಯದ ಚೀಲದ ರೋಗಿಗಳು ಶ್ವಾಸಕೋಶದ ಪೊರೆಯ ರೋಗಿಗಳಿಂದ ಬಂದ ತಿಳಿವಳಿಕೆಯನ್ನೇ ನೆಚ್ಚಿಕೊಳ್ಳಬೇಕಾಗಿದೆ. ಪೆಮೆಟ್ರೆಕ್ಸೆಡ್ ಮತ್ತು ಸಿಸ್ಪ್ಲಾಟಿನ್ ಎಂಬ ಕಿಮೊ ಔಷಧಗಳ ಜೋಡಿಯನ್ನು ಸಿಸ್ಪ್ಲಾಟಿನ್ ಒಂದರ ಜೊತೆ ಹೋಲಿಸಿದ ಪ್ರಯೋಗ 2003ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ರೋಗಿಗಳು ಬದುಕಿದ್ದ ಅವಧಿ 9.3 ತಿಂಗಳಿಂದ 12.1 ತಿಂಗಳಿಗೆ ಏರಿತ್ತು. ಈ ಜೋಡಿ ಕೊಡುವಾಗ ಫೋಲಿಕ್ ಆಮ್ಲ ಮತ್ತು ಬಿ12 ಜೊತೆಗಿದ್ದರೆ ಅಡ್ಡಪರಿಣಾಮ ಕಡಿಮೆ. ಮುಂದೆ ದೇಹದ ರೋಗನಿರೋಧಕ ವ್ಯವಸ್ಥೆಯನ್ನೇ ಕ್ಯಾನ್ಸರಿನ ಮೇಲೆ ಎಬ್ಬಿಸುವ ನಿವೊಲುಮ್ಯಾಬ್, ಇಪಿಲಿಮುಮ್ಯಾಬ್ ಬಂದವು. 605 ರೋಗಿಗಳ ಪ್ರಯೋಗದಲ್ಲಿ ಈ ಅವಧಿ ಕಿಮೊ ಪಡೆದವರಲ್ಲಿ 14.1 ತಿಂಗಳು, ಇವೆರಡನ್ನು ಪಡೆದವರಲ್ಲಿ 18.1 ತಿಂಗಳು. ಅಮೆರಿಕದಲ್ಲಿ 2020ರಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ಈ ಅಂಕಿಗಳು ಶ್ವಾಸಕೋಶದ ಪೊರೆಯ ಕಾಯಿಲೆಯವು. ಹೃದಯದ ಚೀಲಕ್ಕೆ ಅವನ್ನು ನೇರವಾಗಿ ಅನ್ವಯಿಸಲಾಗದು, ಅದೇ ಔಷಧಗಳನ್ನು ಬಳಸಲು ಸಕಾರಣವಿದೆ ಎಂದಷ್ಟೇ ಹೇಳಬಹುದು. ನಿವೊಲುಮ್ಯಾಬ್, ಇಪಿಲಿಮುಮ್ಯಾಬ್ ಒಮ್ಮೊಮ್ಮೆ ಹೃದಯದ ಮೇಲೂ ಉರಿಯೂತ ತರುವುದರಿಂದ ಕ್ಯಾನ್ಸರ್ ತಜ್ಞರು, ಹೃದ್ರೋಗ ತಜ್ಞರು ಇಬ್ಬರೂ ಸೇರಿ ನೋಡಿಕೊಳ್ಳುವ ಕಡೆ ಚಿಕಿತ್ಸೆ ಪಡೆಯುವುದು ಒಳ್ಳೆಯದು.

ನೋವು, ದಮ್ಮು, ಆತಂಕ ಕಡಿಮೆ ಮಾಡುವ ಉಪಶಾಮಕ ಆರೈಕೆಯನ್ನು ಕೊನೆಗೆ ಎಂದು ಎತ್ತಿಡಬಾರದು. ಅದು ಮೊದಲ ದಿನದಿಂದಲೇ ಬೇಕು. ಮಾರ್ಫಿನ್ ಸಣ್ಣ ಪ್ರಮಾಣದಲ್ಲಿ ಕೊಟ್ಟರೆ ಉಸಿರಿನ ಸಂಕಟ ತಗ್ಗುತ್ತದೆ. ಅದರ ಹೆಸರು ಕೇಳಿ ಹೆದರಿ, ಸಂಕಟವನ್ನು ಹಲ್ಲು ಕಚ್ಚಿ ಸಹಿಸುವ ರೋಗಿಗಳ ಬಗ್ಗೆ ನೆನೆದರೆ ಹೊಟ್ಟೆ ಚುರುಕ್ಕೆನ್ನುತ್ತದೆ.

ಬರೆದಿಡಬೇಕಾದದ್ದು

ರೋಗಿಗೆ ಮಾತಾಡುವ ತ್ರಾಣ ಇರುವಾಗಲೇ ಕೂತು ಒಂದು ಪಟ್ಟಿ ಮಾಡಿ. ಮೊದಲ ಕೆಲಸದಿಂದ ಹಿಡಿದು, ಎಲ್ಲಿ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಕೈಯಲ್ಲಿ ಏನು ಮುಟ್ಟುತ್ತಿದ್ದರು, ಪಕ್ಕದವರು ಏನು ಕತ್ತರಿಸುತ್ತಿದ್ದರು. ಹಡಗುಕಟ್ಟೆ, ಬಾಯ್ಲರ್, ಗ್ಯಾರೇಜು, ಕಟ್ಟಡ ಕೆಡವುವ ಕೆಲಸ, ಶೀಟು ಕೂರಿಸುವ ಕೆಲಸ ಇದ್ದರೆ ತಪ್ಪದೆ ಬರೆಯಿರಿ. ಅಪ್ಪ ಎಲ್ಲಿ ದುಡಿಯುತ್ತಿದ್ದರು, ಅವರ ಬಟ್ಟೆ ಯಾರು ಒಗೆಯುತ್ತಿದ್ದರು, ಬಾಲ್ಯದ ಮನೆಯ ಹತ್ತಿರ ಯಾವ ಕಾರ್ಖಾನೆಯಿತ್ತು ಎನ್ನುವುದೂ ಬೇಕು. ಎದೆಗೆ ಎಂದಾದರೂ ರೇಡಿಯೇಷನ್ ಆಗಿತ್ತೇ ಎನ್ನುವುದು ಸಹ. ಹಲವು ದೇಶಗಳಲ್ಲಿ ಮೀಸೋಥೀಲಿಯೋಮಾ ಕೆಲಸದಿಂದ ಬಂದ ಕಾಯಿಲೆಗಳ ಪಟ್ಟಿಯಲ್ಲಿದೆ. ಪರಿಹಾರ ಕೇಳಬೇಕಾದರೆ ಈ ಪಟ್ಟಿಯೂ ಬಯಾಪ್ಸಿ ವರದಿಯೂ ಬೇಕು. ಪಟ್ಟಿಯ ಒಂದು ಪ್ರತಿ ಆಸ್ಪತ್ರೆಯ ಕಡತಕ್ಕೆ ಸೇರಲಿ.

ಮೇಣದಲ್ಲಿ ಹುದುಗಿಸಿದ ಬಯಾಪ್ಸಿ ತುಣುಕು ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಎರಡನೇ ಅಭಿಪ್ರಾಯ ಬೇಕಾದರೆ ಅದನ್ನು ಪಡೆದು ಇನ್ನೊಬ್ಬ ತಜ್ಞರಿಗೆ ಕಳಿಸಬಹುದು. ಇಷ್ಟು ಅಪರೂಪದ ಕಾಯಿಲೆಯಲ್ಲಿ ಎರಡನೇ ಜೋಡಿ ಕಣ್ಣು ನೋಡುವುದೇ ವಾಸಿ. ರೋಗಿಯ ವಯಸ್ಸು ಚಿಕ್ಕದಿದ್ದರೆ, ಅಥವಾ ಮನೆತನದಲ್ಲಿ ಮೀಸೋಥೀಲಿಯೋಮಾ, ಕಣ್ಣಿನ ಮೆಲನೋಮಾ, ಕಿಡ್ನಿ ಕ್ಯಾನ್ಸರ್ ಇನ್ಯಾರಿಗಾದರೂ ಬಂದಿದ್ದರೆ, ರಕ್ತದಲ್ಲಿ ಬಿಎಪಿ1 ದೋಷ ಇದೆಯೇ ಎಂದು ನೋಡಿಸಲು ಆನುವಂಶಿಕ ಸಲಹಾಕಾರರನ್ನು ಕಾಣಬೇಕು. ದೋಷ ಇರುವುದು ಗೊತ್ತಾದರೆ ಒಡಹುಟ್ಟಿದವರಿಗೆ, ಮಕ್ಕಳಿಗೆ ಅದು ಇರುವ ಸಾಧ್ಯತೆ ತಲಾ ಅರ್ಧಕ್ಕರ್ಧ. ದೋಷ ಇದ್ದವರು ವರ್ಷಕ್ಕೊಮ್ಮೆ ಕಣ್ಣಿನ ಪಾಪೆ ಹಿಗ್ಗಿಸಿ ಒಳಭಾಗ ತೋರಿಸಿಕೊಳ್ಳಬೇಕು, ಚರ್ಮದ ತಪಾಸಣೆ ಮಾಡಿಸಿಕೊಳ್ಳಬೇಕು, ಕಲ್ನಾರಿನ ದೂಳಿರುವ ಯಾವ ಕೆಲಸಕ್ಕೂ ಹೋಗಬಾರದು.